ತನಗೊಂದು ಬಿಸಿ ರೊಟ್ಟಿ

ಮುದ್ದೇಬಿಹಾಳದ ಮಾಮಲೇದಾರ ಕಚೇರಿಯ ಹಿಂದಿನ ಓಣಿಯಲ್ಲಿ ಗುಂಡವ್ವನ ಖಾನಾವಳಿ ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಯವರೆಗೆ ಕೇಳುತ್ತಿತ್ತು, ಹೊಸಬರು ಆ ಸಪ್ಪಳ ಹಿಡಿದೇ ಬರುತ್ತಿದ್ದರು. ಕಚೇರಿಯ ಕಾರಕೂನರು, ಕೋರ್ಟಿಗೆ ತಾರೀಖಿಗೆ ಬಂದ ಹಳ್ಳಿಯವರು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಸಾಲಿ ಮಾಸ್ತರರು, ಸಂತೆಯ ದಿನ ಅಡತಿ ಅಂಗಡಿಗೆ ಕಾಳು ತಂದವರು, ಎಲ್ಲ ಸೇರಿ ಒಂದು ಹೊತ್ತಿಗೆ ನಲವತ್ತು ಮಂದಿ. ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಇಬ್ಬರು ಮೊದಮೊದಲು ಅನ್ನ ಅನ್ನ ಎಂದು ಊರೆಲ್ಲ ಹುಡುಕಿ, ಈಗ ಅವರೂ ಇಲ್ಲೇ ಕೂತು ಎರಡು ರೊಟ್ಟಿ ಮುರಿಯುವಷ್ಟು ಪಳಗಿದ್ದರು.

ನಲವತ್ತು ಮಂದಿಗೂ ರೊಟ್ಟಿ ಬಡಿಯುವ ಕೈ ಮಾತ್ರ ಗುಂಡವ್ವನದೊಂದೇ. ಗಂಡನ ತಂಗಿ ಸೀತವ್ವ ಪಲ್ಯ, ಬ್ಯಾಳಿ, ನೀಡುವುದು, ಪಾತ್ರೆ ನೋಡಿಕೊಳ್ಳುತ್ತಿದ್ದಳು. ಸೀತವ್ವನೂ ಗಂಡನನ್ನು ಕಳಕೊಂಡು ತವರಿಗೆ ಬಂದವಳು. ಅವಳು ಬಂದ ಮರುವರ್ಷವೇ ಅಣ್ಣನೂ ಜ್ವರದಲ್ಲಿ ಹೋದ. ಅದಾಗಿ ಹನ್ನೊಂದು ವರ್ಷ, ಖಾನಾವಳಿಗೂ ಅಷ್ಟೇ ವಯಸ್ಸು. ಇದ್ದೊಬ್ಬ ಮಗಳನ್ನು ಗುಂಡವ್ವ ಸಿಂದಗಿಗೆ ಕೊಟ್ಟಿದ್ದಳು. ಮನೆಯಲ್ಲಿ ಉಳಿದವರು ಇವರಿಬ್ಬರು ಮತ್ತು ಆರದ ಒಲೆ.

ಗುಂಡವ್ವ ನಸುಕಿನಲ್ಲಿ ಎದ್ದು ಜಳಕ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಹಿಟ್ಟಿಗೆ ಕೈ ಹಾಕಿದರೆ ಮುಗಿಯಿತು. ಅವಳ ಊಟಕ್ಕೆ ಹೊತ್ತು ಎಂಬುದಿರಲಿಲ್ಲ. ಕೊನೆಯ ಪಂಕ್ತಿ ಎದ್ದ ಮೇಲೆ, ಹರಿದದ್ದೋ ಸೀದದ್ದೋ ಒಂದು ರೊಟ್ಟಿಯನ್ನು ಉಳಿದ ಸಾರಿನಲ್ಲಿ ಅದ್ದಿ, ನಿಂತೇ ನಾಲ್ಕು ತುತ್ತು ನುಂಗುವಳು. ಉಳಿಯದ ದಿನ ಅದೂ ಇಲ್ಲ. ನೀರನ್ನಂತೂ ಬೇಕೆಂದೇ ಬಿಟ್ಟಿದ್ದಳು. ಕುಡಿದರೆ ಬಯಲಿಗೆ ಹೋಗಬೇಕು. ಹೆಂಗಸರಿಗೆ ಬಯಲೆಂದರೆ ನಸುಕಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಡುವಿನ ತಾಸುಗಳನ್ನೆಲ್ಲ ಬೆಂಕಿಯ ಮುಂದೆ ಬೆವರಿನಲ್ಲೇ ಕಳೆಯಬೇಕು. ಉರಿಮೂತ್ರ ಅವಳಿಗೆ ಹಳೆಯ ನೆಂಟ. ಹಿಮ್ಮಡಿಯ ಬಿರುಕಿನಲ್ಲಿ ನಾಲ್ಕಾಣೆ ನಿಲ್ಲಿಸಬಹುದೆಂದು ತಾನೇ ಹೇಳಿ ನಗುತ್ತಿದ್ದಳು. ಇಷ್ಟಾದರೂ ದಣಿವು ಎಂಬ ಮಾತು ಅವಳ ಬಾಯಲ್ಲಿ ಬಂದದ್ದಿಲ್ಲ. ಅದು ಎಷ್ಟು ಹಳೆಯದಾಗಿತ್ತೆಂದರೆ, ದಣಿವನ್ನೇ ಅವಳು ತನ್ನ ಮೈ ಎಂದು ತಿಳಿದಿದ್ದಳು.

ಯುಗಾದಿ ಕಳೆದ ಮೇಲಿನ ಒಂದು ಸಂತೆಯ ದಿನ ಆ ಮೈ ಮುರಿದು ಬಿತ್ತು. ಬಿಸಿಲು ಏರಿತ್ತು. ಎರಡನೆಯ ಪಂಕ್ತಿ ಕೂತಿತ್ತು. ಹೊರಗಿನಿಂದ ‘ರೊಟ್ಟಿ ಬರಲಿ’ ಎಂಬ ಕೂಗು ಬಂತು. ಗುಂಡವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಲು ಕೈ ನೀಡಿದಳು. ಹಂಚು ಎರಡಾಗಿ ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಪಕ್ಕಕ್ಕೆ ವಾಲುವಾಗ ಎಡಗೈ ಊರಿದ್ದು ಕಾದ ಹಂಚಿನ ಮೇಲೆ.

ಸೀತವ್ವನ ಚೀರಾಟ ಕೇಳಿ ಪಕ್ಕದ ಮನೆಯ ಪೀರಬಿ ಓಡಿಬಂದಳು. ಅರವತ್ತರ ಹತ್ತಿರದ ಹೆಂಗಸು, ಊರ ಮಂದಿಗೆ ಕೌದಿ ಹೊಲಿದುಕೊಡುವವಳು. ಇಪ್ಪತ್ತು ವರ್ಷದ ನೆರೆಯಲ್ಲಿ ಅವಳು ಕಟ್ಟೆಯ ಮೇಲೆ ಕೂತು ಮಾತಾಡಿದ್ದಳೇ ಹೊರತು ಗುಂಡವ್ವನ ಅಡಿಗೆಮನೆಯ ಹೊಸ್ತಿಲು ತುಳಿದಿರಲಿಲ್ಲ. ಅಂದು ತುಳಿದಳು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ತೋಯಿಸಿ ಮುಖ ಒರೆಸಿ, ಸುಟ್ಟ ಕೈಯನ್ನು ತಣ್ಣೀರಿನ ಕೊಡದಲ್ಲಿ ಅದ್ದಿ ಹಿಡಿದಳು. ಅವಳು ಒಳಗೆ ಬಂದದ್ದಕ್ಕೆ ಪಂಕ್ತಿಯಲ್ಲಿ ಕೂತ ಮಂದಿಯಲ್ಲಿ ಯಾರೂ ಚಕಾರ ಎತ್ತಲಿಲ್ಲ.

ಸರಕಾರಿ ದವಾಖಾನೆಯ ಡಾಕ್ಟರು ಮೈಸೂರು ಕಡೆಯ ಹುಡುಗ. ಕೈಗೆ ಪಟ್ಟಿ ಕಟ್ಟಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ನಾಡಿ ಹಿಡಿದು ಕೇಳಿದ:

“ಊಟ ಯಾವಾಗ ಮಾಡಿದ್ರಿ ತಾಯಿ?”

“ಉಂಡೇನ್ರಿ.”

“ಯಾವಾಗ ಅಂತ ಕೇಳಿದೆ.”

ಗುಂಡವ್ವ ಯೋಚಿಸಿದಳು. ಅಂದು ಬೆಳಿಗ್ಗೆ ಇಲ್ಲ. ಹಿಂದಿನ ರಾತ್ರಿ ಕೊನೆಗೆ ಬಂದ ಇಬ್ಬರಿಗೆ ಇದ್ದದ್ದನ್ನೆಲ್ಲ ನೀಡಿದ್ದಳು. ಹಿಂದಿನ ಮಧ್ಯಾಹ್ನದ ನೆನಪು ಬರಲಿಲ್ಲ. ನಲವತ್ತು ಮಂದಿ ಎಷ್ಟೆಷ್ಟು ರೊಟ್ಟಿ ತಿನ್ನುತ್ತಾರೆ, ಯಾರಿಗೆ ಖಾರ ಆಗದು, ಯಾರಿಗೆ ಮಜ್ಜಿಗೆ ಬೇಕು, ಎಲ್ಲ ಬಾಯಿಪಾಠ ಇತ್ತು. ತನ್ನದೊಂದು ಇರಲಿಲ್ಲ.

“ದೊಡ್ಡ ರೋಗ ಏನೂ ಕಾಣ್ತಿಲ್ಲ,” ಎಂದ ಡಾಕ್ಟರು. “ಮೈಯಲ್ಲಿ ರಕ್ತ ಇಲ್ಲ, ನೀರೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನೀರು ಕುಡೀರಿ. ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಿ. ಟಾನಿಕ್ ಕೊಡ್ತೀನಿ, ಆದರೆ ಅದೊಂದೇ ಸಾಲದು.”

ಹೊರಗೆ ಬಂದು ಗುಂಡವ್ವ ಸೀತವ್ವನ ಹೆಗಲು ಹಿಡಿದು ನಡೆಯುತ್ತ, “ಔಷಧಾ ಬರಕೊಡ್ರಿ ಅಂದ್ರ ಹೊತ್ತು ಬರಕೊಟ್ಟ, ಪುಣ್ಯಾತ್ಮ. ಹೊತ್ತು ಯಾವ ಅಂಗಡ್ಯಾಗ ಸಿಗತೈತಿ?” ಎಂದಳು. ಸೀತವ್ವ ನಗಲಿಲ್ಲ.

ಕೈ ಮಾಯುವವರೆಗೆ ಹತ್ತು ದಿನ ಮಲಗಬೇಕಾಯಿತು. ಓಣಿಯ ಇನ್ನೊಬ್ಬಳನ್ನು ರೊಟ್ಟಿಗೆ ಹಚ್ಚಿ ಸೀತವ್ವ ಹೇಗೋ ನಡೆಸಿದಳು. ಗುಂಡವ್ವ ಒಳಕೋಣೆಯಲ್ಲಿ ಬಿದ್ದುಕೊಂಡು ಬೇರೆ ಕೈಯ ಬಡಿತ ಕೇಳುತ್ತಿದ್ದಳು. ತಾಳ ತಪ್ಪಿದಲ್ಲೆಲ್ಲ ಅವಳ ಬಲಗೈ ಹಾಸಿಗೆಯ ಮೇಲೆ ತಾನಾಗಿಯೇ ಮಿಸುಕುತ್ತಿತ್ತು.

ಮಧ್ಯಾಹ್ನ ಪೀರಬಿ ಕೌದಿಯ ಗಂಟು ಹೊತ್ತು ಬಂದು ಹತ್ತಿರ ಕೂರುತ್ತಿದ್ದಳು. ಮೂರನೆಯ ದಿನ ಔಡಲೆಣ್ಣೆಯ ಬಟ್ಟಲು ತಂದಳು. ಕೇಳದೆ ಹೇಳದೆ ಗುಂಡವ್ವನ ಕಾಲು ಎಳೆದು ತೊಡೆಯ ಮೇಲಿಟ್ಟುಕೊಂಡು ಅಂಗಾಲಿಗೆ ಎಣ್ಣೆ ತಿಕ್ಕತೊಡಗಿದಳು.

“ಬಿಡಽ ಅಕ್ಕಾ, ಹಿರ್ಯಾಕಿ ನೀ, ನನ್ನ ಕಾಲು ಮುಟಬ್ಯಾಡ,” ಎಂದು ಗುಂಡವ್ವ ಎಳಕೊಳ್ಳಲು ನೋಡಿದಳು.

“ಸುಮ್ಕ ಬೀಳು. ಕಾಲೇನಽ ಇವು? ಬಿರಿದ ಎರಿ ಹೊಲ ಆಗ್ಯಾವ.” ಸ್ವಲ್ಪ ಹೊತ್ತು ತಿಕ್ಕಿ ಪೀರಬಿ ಕೇಳಿದಳು: “ನಿನ್ನ ಮೈಗಿ ಕಡೀಕ ಎಣ್ಣಿ ಹಚ್ಚಿದವರು ಯಾರು?”

ಗುಂಡವ್ವನಿಗೆ ಬಾಗೇವಾಡಿಯ ತವರುಮನೆಯ ಬಚ್ಚಲು ನೆನಪಾಯಿತು. ಮಗಳು ಹುಟ್ಟಿದಾಗ ಅವ್ವ ದಿನಾ ಎಣ್ಣೆ ಹಚ್ಚಿ ಸುಡುಸುಡು ನೀರು ಹಾಕುತ್ತಿದ್ದಳು. ಹೊರಸಿನ ಕೆಳಗೆ ಕೆಂಡವಿಟ್ಟು, ಬಿಸಿ ರೊಟ್ಟಿಗೆ ತುಪ್ಪ ಹಾಕಿ ಎದುರು ಕೂತು ತಿನ್ನಿಸುತ್ತಿದ್ದಳು. “ನಮ್ಮವ್ವ. ಬಾಣಂತನದಾಗ.”

“ಎಷ್ಟ ವರ್ಷಾತು?”

“ಇಪ್ಪತ್ತನಾಕು.”

“ನೋಡು. ಹೆಣ್ಣಿನ ಮೈಗಿ ನಲವತ್ತ ದಿನಾ ಬೆಲಿ ಕಟ್ಟತಾರ. ಅದೂ ಕೂಸಿನ ಸಂಬಂಧ. ಮುಂದ ಯಾರೂ ಕೇಳಂಗಿಲ್ಲ.” ಪೀರಬಿ ಹಿಮ್ಮಡಿಯನ್ನು ಒತ್ತಿ ಹಿಡಿದಳು. “ಇನ್ನ ನಿನ್ನ ಬಾಣಂತನ ನೀನಽ ಮಾಡ್ಕೋಬೇಕು, ತಂಗಿ. ನಲವತ್ತ ದಿನಾ ಮಲಗಾಕ ಆಗಂಗಿಲ್ಲ, ಗೊತ್ತೈತಿ. ದಿನಾ ಚೂರು ಚೂರು ಮಾಡ್ಕೋ. ಮುಂಜಾನೆದ್ದು ಎರಡು ತಂಬಿಗಿ ನೀರು. ಮಂದಿ ಬರೂಕಿಂತ ಮೊದಲ ಒಂದು ಬಿಸಿ ರೊಟ್ಟಿ, ಕುಂತ ಉಣ್ಣು, ನಿಂತಲ್ಲ. ಮಧ್ಯಾಹ್ನ ಅಂಗಾಲಿಗಿ ಎಣ್ಣಿ ಹಚಗೊಂಡು ಒಂದು ತಾಸು ಅಡ್ಡಾಗು. ಎತ್ತಿಗಿ ಮೇವು ಹಾಕಿ ಹೂಡ್ತಾರ, ಹೂಡಿದ ಮ್ಯಾಲ ಹಾಕ್ತಾರೇನು?”

“ನೀರು ಕುಡದ್ರ ಹಗಲಿ ಎಲ್ಲಿ ಹೋಗ್ಲಿ?” ಗುಂಡವ್ವ ಮೆಲ್ಲಗೆ ಅಂದಳು. ಡಾಕ್ಟರಿಗೆ ಹೇಳಲಾಗದ ಮಾತು ಅದು.

“ನಮ್ಮ ಹಿತ್ತಲದಾಗ ಬಾ. ನನ್ನ ಮೊಣಕಾಲಿನ ಸಂಬಂಧ ಸುತ್ತ ತಟ್ಟಿ ಕಟ್ಟಿಸೀನಿ. ಹಗಲಿ ಅಲ್ಲೇ ಬಾ. ಯಾರು ನೋಡ್ತಾರ?”

ಅದು ಎಷ್ಟು ಸಣ್ಣ ಮಾತು. ಹನ್ನೊಂದು ವರ್ಷ ಗೋಡೆಯಾಚೆಗೇ ಇದ್ದ ಹಿತ್ತಲು. ಗುಂಡವ್ವ ಮುಖ ಆ ಕಡೆ ತಿರುಗಿಸಿದಳು. ಅಳು ಬಂದದ್ದನ್ನು ಪೀರಬಿ ಕಂಡೂ ಕಾಣದಂತೆ ಇನ್ನೊಂದು ಕಾಲು ಎಳಕೊಂಡಳು.

ಪಟ್ಟಿ ಬಿಚ್ಚಿದ ಮೇಲೆ ಗುಂಡವ್ವ ಮತ್ತೆ ಒಲೆಯ ಮುಂದೆ ಕೂತಳು. ಎಡಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಬಡಿತದ ಸಪ್ಪಳವೂ ಸ್ವಲ್ಪ ಬದಲಾಗಿತ್ತು. ನೀರು ಕುಡಿಯುವುದು ಸುಲಭವಾಗಿ ಒಗ್ಗಿತು. ರೊಟ್ಟಿಯೇ ಕಷ್ಟ. ಮೊದಲ ರೊಟ್ಟಿ ಬೇಯಿಸಿ, ಮಣೆ ಹಾಕಿಕೊಂಡು, ತಾಟಿನಲ್ಲಿ ಶೇಂಗಾ ಹಿಂಡಿ, ಒಂದಿಷ್ಟು ಬೆಣ್ಣೆ ಇಟ್ಟುಕೊಂಡು ಕೂತರೆ ತುತ್ತು ಗಂಟಲಲ್ಲಿ ಇಳಿಯದು. ಯಾರದೋ ಮನೆಗೆ ಕದ್ದು ಹೊಕ್ಕವಳಂತೆ ಬಾಗಿಲ ಕಡೆ ನೋಡುವಳು. ಅರ್ಧ ತಿಂದು ಏಳುವಳು. ಮರುದಿನ ಮುಕ್ಕಾಲು. ಇಡೀ ರೊಟ್ಟಿ ಇಳಿಯಲು ಎಂಟು ದಿನ ಬೇಕಾಯಿತು. ಬಿಸಿ ರೊಟ್ಟಿಯ ಪದರು ಬಿಚ್ಚಿದಾಗ ಏಳುವ ಹಬೆಗೆ ಹೊಸ ಜೋಳದ ವಾಸನೆ ಇರುತ್ತದೆ ಎಂಬುದು, ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಅವಳಿಗೆ ಮರೆತೇ ಹೋಗಿತ್ತು.

ಸೀತವ್ವ ಈ ಹೊತ್ತಿಗೆ ಅಡಿಗೆಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಪಾತ್ರೆಗಳ ಸಪ್ಪಳ ಜಾಸ್ತಿ ಆಗುವುದು. ಒಂದು ದಿನ ಹೊರಗಿನಿಂದಲೇ ಅಂದಳು: “ಉಣ್ಣೂ ಮಂದಿಗಿಂತ ಮೊದಲ ನೀಡೂ ಮಂದಿ ಉಣ್ಣೂದು, ಇದೊಂದು ಹೊಸಾ ರಿವಾಜು.”

ಆಮೇಲೆ ಶಂಕ್ರೆಪ್ಪನ ಪ್ರಸಂಗ ನಡೆಯಿತು. ಶಂಕ್ರೆಪ್ಪ ಕಚೇರಿಯ ಹಿರಿಯ ಕಾರಕೂನ. ಒಂಬತ್ತು ವರ್ಷದ ಗಿರಾಕಿ, ಪಂಕ್ತಿಯ ಮೊದಲ ತಾಟು ಅವನದೇ. ಅಂದು ಸಾಹೇಬರ ಜೊತೆ ಹಳ್ಳಿಗೆ ಹೋಗುವುದಿದೆಯೆಂದು ಹೊತ್ತಿಗೆ ಮುಂಚೆ ಮೂವರನ್ನು ಕಟ್ಟಿಕೊಂಡು ಬಂದ. ಪಡಸಾಲೆಯಿಂದ ಒಳಗೆ ಇಣುಕಿದರೆ ಗುಂಡವ್ವ ಮಣೆಯ ಮೇಲೆ ಕೂತು ಉಣ್ಣುತ್ತಿದ್ದಾಳೆ.

“ಇದೇನ್ರಿ ಗುಂಡವ್ವಾರ! ನಮಗಿಂತ ಮೊದಲ ನಿಮ್ಮ ಪಂಕ್ತಿ ಕುಂತೈತೆಲ್ಲ? ಅಂದ್ರ ಇನ್ನ ನಾವು ಎಂಜಲಾ ಉಣ್ಣೂದೇನು?”

ನಗುತ್ತಲೇ ಅಂದ. ಹಿಂದಿನ ಮೂವರೂ ನಕ್ಕರು. ಗುಂಡವ್ವನ ಬಾಯಲ್ಲಿದ್ದ ತುತ್ತು ಮಣ್ಣಾಯಿತು. ಎದ್ದು ಕೈತೊಳೆದು ಹಿಟ್ಟಿಗೆ ಕೂತಳು. ಅವರು ಉಂಡು ಹೋದರು. ಮರುದಿನದಿಂದ ಶಂಕ್ರೆಪ್ಪ ಬರಲಿಲ್ಲ. ಅವನ ಹಿಂದೆ ಇನ್ನೂ ನಾಲ್ವರು ಮೋಟಾರು ಸ್ಟ್ಯಾಂಡಿನ ಹತ್ತಿರದ ಖಾನಾವಳಿ ಹಿಡಿದರು.

ಗುಂಡವ್ವ ಎಲ್ಲ ಬಿಟ್ಟಳು. ರೊಟ್ಟಿ ಬಿಟ್ಟಳು, ಎಣ್ಣೆ ಬಿಟ್ಟಳು. ಮಧ್ಯಾಹ್ನ ಅಡ್ಡಾಗುವ ಹೊತ್ತಿಗೆ ಕಾಳು ಹಸನು ಮಾಡಿದಳು. ಪೀರಬಿ ಎರಡು ದಿನ ಬೈದು, ಮೂರನೆಯ ದಿನ ಬೈಯದೆ ಎದ್ದು ಹೋದಳು. ವಿಚಿತ್ರವೆಂದರೆ, ಮೊದಲು ಗೊತ್ತೇ ಆಗದಿದ್ದ ದಣಿವು ಈಗ ಗೊತ್ತಾಗುತ್ತಿತ್ತು. ಹತ್ತು ಗಂಟೆಗೆ ಹೊಟ್ಟೆ ತಾನಾಗಿ ಕೇಳುತ್ತಿತ್ತು. ಊಟದ ಹೊತ್ತು ಬಂತೆಂದು ಅದಕ್ಕೆ ಯಾರು ಹೇಳಿಕೊಟ್ಟರೋ. ಮಧ್ಯಾಹ್ನ ಕಾಲು ಜೋಮು ಹಿಡಿಯುತ್ತಿದ್ದವು. ಇದಕ್ಕಿಂತ ಏನೂ ತಿಳಿಯದೆ ಇದ್ದದ್ದೇ ವಾಸಿಯಿತ್ತೆಂದು ಒಲೆಗೆ ತೊಗರಿಕಟ್ಟಿಗೆ ತುರುಕುತ್ತ ಅವಳು ಅಂದುಕೊಂಡಳು.

ಹೀಗೆ ಹದಿನೈದು ದಿನ ಹೋಯಿತು. ಒಂದು ಮಧ್ಯಾಹ್ನ ಕಟ್ಟಿಗೆ ತರಲು ಹಿತ್ತಲಿಗೆ ಹೋದವಳು ಬಾಗಿಲಲ್ಲೇ ನಿಂತಳು. ಗೋಡೆಯ ಮರೆಯಲ್ಲಿ ಸೀತವ್ವ ನಿಂತಿದ್ದಳು. ಬ್ಯಾಳಿಯ ಪಾತ್ರೆ ಎತ್ತಿ ಹಿಡಿದು, ತಳಕ್ಕೆ ಹತ್ತಿದ್ದನ್ನು ರೊಟ್ಟಿಯ ಚೂರಿನಿಂದ ಕೆರೆದು ಕೆರೆದು ಬಾಯಿಗಿಟ್ಟು, ಅಗಿಯದೆ ನುಂಗುತ್ತಿದ್ದಳು. ಕುತ್ತಿಗೆಯ ಎರಡು ನರ ಹಗ್ಗದಂತೆ ಎದ್ದಿದ್ದವು. ಗುಂಡವ್ವನನ್ನು ಕಂಡು ಸಿಕ್ಕಿಬಿದ್ದವಳಂತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಪಾತ್ರೆ ತಿಕ್ಕಲು ಕೂತಳು.

ಗುಂಡವ್ವ ಕಟ್ಟಿಗೆ ತಗೊಂಡು ಒಳಗೆ ಬಂದಳು. ಹನ್ನೊಂದು ವರ್ಷ. ಒಂದೇ ಒಲೆ. ಸೀತಾ ಉಂಡಳೋ ಇಲ್ಲವೋ ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದಿರಲೂ ಇಲ್ಲ.

ಮರುದಿನ ಮೊದಲು ಎರಡು ರೊಟ್ಟಿ ಬೇಯಿಸಿದಳು. ಎರಡು ಮಣೆ ಹಾಕಿದಳು. “ಸೀತಾ, ಬಾ. ಉಣ್ಣೂಣು.”

“ಹಸಿವಿಲ್ಲ ವೈನಿ.”

“ನಿನ್ನಿ ಹಿತ್ತಲದಾಗ ನೋಡೀನಿ.”

ಸೀತವ್ವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಅಲ್ಲಿಂದಲೇ ಅಂದಳು: “ಅವತ್ತೆಲ್ಲ ನೀವು ಒಬ್ಬರ ಕುಂತ ಉಂಡ್ರಿ. ನಾ ಇಲ್ಲೇ ಪಲ್ಯ ತಿರುವಾಕತ್ತಿದ್ದೆ. ಒಂದಿನಾ, ಸೀತಾ ನೀನೂ ಬಾ, ಅಂದ್ರೇನ್ರಿ?”

ಗುಂಡವ್ವ ಒಂದು ಮಣೆಯನ್ನು ಅವಳ ಕಡೆ ಸರಿಸಿದಳು.

“ಶಂಕ್ರೆಪ್ಪಣ್ಣ ಎಂಜಲಾ ಅಂದಾಗ ನನಗ ಒಳಗ ಹಿಗ್ಗಾತು. ಸುಳ್ಳ ಯಾಕ ಹೇಳ್ಲಿ? ಹಿಗ್ಗಾತು. ಆಮ್ಯಾಲ ಅದಕ್ಕ ಮೂರ ದಿನಾ ನನಗ ಅನ್ನ ಸೇರ್ಲಿಲ್ಲ.”

“ಬಾ ಕುಂದ್ರು,” ಎಂದಳು ಗುಂಡವ್ವ. ಕ್ಷಮೆ ಕೇಳುವ ಮಾತು ಅವಳಿಗೆ ಬರುತ್ತಿರಲಿಲ್ಲ, ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬೆಣ್ಣೆಯನ್ನೆಲ್ಲ ಸೀತವ್ವನ ತಾಟಿಗೆ ಹಾಕಿದಳು. ಸೀತವ್ವ ಕೂತಳು. ಅರ್ಧ ಬೆಣ್ಣೆಯನ್ನು ತಿರುಗಿ ಗುಂಡವ್ವನ ತಾಟಿಗೆ ಹಚ್ಚಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಉಂಡರು. ಒಲೆಯ ಮೇಲಿನ ಬ್ಯಾಳಿ ಉಕ್ಕಿ ಬೂದಿಗೆ ಸುರಿದರೂ ಯಾರೂ ಏಳಲಿಲ್ಲ.

ಅಂದಿನಿಂದ ಹತ್ತೂವರೆಯವರೆಗೆ ಮುಂಬಾಗಿಲಿಗೆ ಚಿಲಕ ಬೀಳತೊಡಗಿತು. ಬೇಗ ಬಂದವರು ಕಟ್ಟೆಯ ಮೇಲೆ ಕೂತು ಕಾಯುವುದು ಕಲಿತರು. ಮೈಸೂರು ಕಡೆಯ ಕಾರಕೂನನೊಬ್ಬ ಒಂದು ದಿನ, “ಅಮ್ಮ, ನಿಮ್ಮದಾಯ್ತಾ?” ಎಂದು ಹೊರಗಿನಿಂದ ಕೇಳಿದ. ಉಣ್ಣಲು ಬಂದವನೊಬ್ಬ ಅವಳ ಊಟವಾಯಿತೇ ಎಂದು ಕೇಳಿದ್ದು ಅದೇ ಮೊದಲು. ಉತ್ತರ ಕೊಡಲು ಗುಂಡವ್ವನಿಗೆ ನಾಚಿಕೆಯಾಯಿತು.

ಎಲ್ಲ ಸುಸೂತ್ರ ನಡೆಯಿತೆಂದಲ್ಲ. ಸಂತೆಯ ದಿನ ತಪ್ಪುತ್ತಿತ್ತು. ಮದುವೆ ತಿಂಗಳಲ್ಲಿ ವಾರಗಟ್ಟಲೆ ತಪ್ಪಿತು. ಎಣ್ಣೆಯ ಬಟ್ಟಲಲ್ಲಿ ಧೂಳು ಕೂತ ದಿನಗಳಿದ್ದವು. ತಪ್ಪಿದ್ದಕ್ಕೆ ಮೊದಲು ಗುಂಡವ್ವ ಮರುಗುತ್ತಿದ್ದಳು, ಇನ್ನು ಇದು ನನ್ನಿಂದಾಗದು ಎಂದು ಕೈಬಿಡಲೂ ನೋಡಿದಳು. ಆಮೇಲೆ ಸೀತವ್ವನೇ ಒಂದು ಬೆಳಿಗ್ಗೆ ಮಾತಿಲ್ಲದೆ ಎರಡು ಮಣೆ ಹಾಕಿಬಿಡುವಳು, ಮತ್ತೆ ಸುರುವಾಗುವುದು. ಉರಿಮೂತ್ರ ನಿಂತಿತು. ಹಿಮ್ಮಡಿ ಕೂಡಲಿಲ್ಲ, ಆದರೆ ರಕ್ತ ಬರುವುದು ನಿಂತಿತು. ಸೀತವ್ವನ ಗಲ್ಲ ತುಸು ತುಂಬಿತೆಂದು ಪೀರಬಿ ಹೇಳಿದಳು. ಗುಂಡವ್ವನಿಗೆ ಹಾಗೇನೂ ಕಾಣಲಿಲ್ಲ.

ಶ್ರಾವಣ ಕಳೆದು ಶಂಕ್ರೆಪ್ಪ ತಿರುಗಿ ಬಂದ. ಹತ್ತೂವರೆಯವರೆಗೆ ಕಟ್ಟೆಯ ಮೇಲೆ ಎಲ್ಲರ ಜೊತೆ ಕೂತ. ಚಿಲಕ ತೆಗೆದ ಮೇಲೆ ತನ್ನ ಹಳೆಯ ಜಾಗದಲ್ಲಿ ಕೂತು, “ಅಲ್ಲಿ ರೊಟ್ಟಿ ತೊಗಲ ಆಗಿರ್ತಾವ್ರಿ, ಹಲ್ಲ ನೋವು ಹತ್ತಿತು,” ಎಂದ. ಗುಂಡವ್ವ ಬಿಸಿ ರೊಟ್ಟಿ ಕಳಿಸಿದಳು. ಅವನಿಗೆ ಖಾರ ಆಗದೆಂದು ಸೀತವ್ವ ಬೇರೆ ಪಲ್ಯ ನೀಡಿದಳು. ಆ ಮಾತು ಅಲ್ಲಿಗೆ ಮುಗಿಯಿತು. ಗುಂಡವ್ವನ ಒಳಗೆ ಮುಗಿಯಿತೋ ಇಲ್ಲವೋ, ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಆ ಚಳಿಗಾಲದಲ್ಲಿ ಪೀರಬಿಯ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಗುಂಡವ್ವ ಮಧ್ಯಾಹ್ನ ಅಲ್ಲಿಗೆ ಹೋಗಿ, ಮಡಚದ ಬೆರಳುಗಳ ನಡುವೆ ಸೂಜಿ ಸಿಕ್ಕಿಸಿ ಹಿಡಿದು, ಎಂಟು ಹತ್ತು ಸೂಜಿಗೆ ದಾರ ಹಾಕಿ ಗೋಡೆಗೆ ತೂಗುಬಿಟ್ಟ ಬಟ್ಟೆಯ ಚೂರಿಗೆ ಸಾಲಾಗಿ ಚುಚ್ಚಿಟ್ಟು ಬರುವಳು. ಪೀರಬಿ ಪ್ರತಿ ದಿನವೂ ಕೇಳುವಳು: “ಉಂಡೇನು?”

“ಉಂಡೇನಿ.”

“ಸೀತಾ?”

“ಆಕೀನೂ ಉಂಡಾಳ. ನೀ?”

“ಆಗೇತಿ,” ಎನ್ನುವಳು ಪೀರಬಿ. ಒಲೆ ತಣ್ಣಗಿದ್ದರೆ ಗುಂಡವ್ವ ನಂಬುತ್ತಿರಲಿಲ್ಲ. ಮನೆಗೆ ಹೋಗಿ ರೊಟ್ಟಿ ಪಲ್ಯ ಕಟ್ಟಿ ತಂದು, ಪೀರಬಿ ಉಂಡು ಮುಗಿಸುವವರೆಗೆ ಎದುರಿಗೆ ಕೂರುವಳು.

ಅಂಥದೇ ಒಂದು ಮಧ್ಯಾಹ್ನ, ಪೀರಬಿಯ ಮನೆಯಿಂದ ಬಂದು ಗುಂಡವ್ವ ಒಳಕೋಣೆಯಲ್ಲಿ ಆಗಷ್ಟೇ ಅಡ್ಡಾಗಿದ್ದಳು. ಮೂರರ ಹೊತ್ತು. ಒಲೆ ಆರಿಸಿಯಾಗಿತ್ತು. ಮುಂಬಾಗಿಲು ಬಡಿದ ಸಪ್ಪಳವಾಯಿತು. ಸೀತವ್ವ ಹೋಗಿ ಬಂದು ಬಾಗಿಲಲ್ಲಿ ನಿಂತಳು.

“ವೈನಿ, ಕಚೇರಿ ಸಿಪಾಯಿ ಬಂದಾನ. ವಿಜಾಪುರದಿಂದ ನಾಕು ಮಂದಿ ಬಂದಾರಂತ. ಈಗ ಊಟ ಆಗತೈತೇನು ಅಂತಾನ.”

ಗುಂಡವ್ವನ ಮೊಣಕೈ ತಾನಾಗಿ ನೆಲಕ್ಕೆ ಊರಿತು, ಏಳಲು. ಹಿಟ್ಟು ಇತ್ತು. ಒಲೆ ಹೊತ್ತಿಸಲು ಎಷ್ಟು ಹೊತ್ತು? ನಾಲ್ಕು ಮಂದಿಗೆ ಹನ್ನೆರಡು ರೊಟ್ಟಿ. ಝುಣಕ ಮಾಡಿದರಾಯಿತು. ಎಲ್ಲ ಲೆಕ್ಕ ತಲೆಯಲ್ಲಿ ಕ್ಷಣದಲ್ಲಿ ಮುಗಿಯಿತು. ಬಾಗಿಲಲ್ಲಿ ನಿಂತ ಸೀತವ್ವನ ಕಣ್ಣ ಕೆಳಗಿನ ಕಪ್ಪು ಕಂಡಿತು. ಅವಳೂ ಆಗಷ್ಟೇ ಚಾಪೆ ಬಿಡಿಸಿದ್ದಳು.

“ಸಂಜಿಗಿ ಬರ್ರಿ ಅನ್ನು,” ಎಂದಳು.

“ಹಂಗ ಅಂದ್ರ?”

“ಹಂಗಽ ಅನ್ನು. ಮಲಗ್ಯಾರ ಅನ್ನು.”

ಸೀತವ್ವ ಹೋದಳು. ಮಾತಿನ ಸದ್ದು ಕೇಳಿತು. ಸಿಪಾಯಿ ಏನೋ ಅಂದ, ಸೀತವ್ವ ಏನೋ ಅಂದಳು, ಚಿಲಕ ಬಿತ್ತು. ಚಪ್ಪಲಿಯ ಸಪ್ಪಳ ಓಣಿಯಲ್ಲಿ ದೂರವಾಗುತ್ತ ಹೋಯಿತು. ಹಸಿದ ಮಂದಿಯನ್ನು ಬಾಗಿಲಿಂದ ತಿರುಗಿಸಿ ಕಳಿಸಿದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಕರೆದುಬಿಡಲೇ ಎಂದು ಎರಡು ಸಲ ಬಾಯಿ ತೆರೆದಳು. ಪಕ್ಕದ ಚಾಪೆಯ ಮೇಲೆ ಸೀತವ್ವ ಬಂದು ಮಲಗಿದ್ದು ಗೊತ್ತಾಯಿತು.

ಗುಂಡವ್ವನಿಗೆ ನಿದ್ದೆ ಬರಲಿಲ್ಲ. ಆದರೆ ಅವಳು ಏಳಲೂ ಇಲ್ಲ.